ಆಚೆ ಓಣಿಯ ಬೈಬಲ್ ಪಾಠ

ನನಗೆ ಠರಾವು ಬರೆಯುವ ಚಟವಿದೆ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ನನಗೆ ಠರಾವು. ನಾಲ್ಕು ಜನ ಕೂಡಿ ಏನಾದರೊಂದು ಮಾತಾಡಿ ಚಹಾ ಕುಡಿದು ಎದ್ದರೆಂದರೆ, ಅವರು ಕಾಲಿಗೆ ಚಪ್ಪಲಿ ಹಾಕಿಕೊಳ್ಳುವುದರೊಳಗೆ ಆ ಮಾತನ್ನು 'ಸರ್ವಾನುಮತದಿಂದ ಠರಾವಾಯಿತು' ಎಂದು ವಹಿಯಲ್ಲಿ ಬರೆದು, ಕೆಳಗೆ ಸೂಚಕರು ಯಾರು, ಅನುಮೋದಕರು ಯಾರು ಎಂದು ಕಾಣಿಸದಿದ್ದರೆ ನನಗೆ ಊಟ ರುಚಿಸುವುದಿಲ್ಲ. ಇದಕ್ಕೆಲ್ಲ ನನ್ನ ದುಂಡಕ್ಷರವೇ ಕಾರಣ. ಊರಲ್ಲಿ ಯಾವ ಮಂಡಳಿ ಹುಟ್ಟಿದರೂ, 'ಮಾಸ್ತರ ಅಕ್ಷರ ಮುತ್ತಿನಂಗ ಅದಾವು, ಅವರ ಸೆಕ್ರೆಟರಿ ಆಗಲಿ' ಎನ್ನುತ್ತಿದ್ದರು. ಹೀಗೆ ನಾನು ವಾಚನಾಲಯಕ್ಕೆ, ಗರಡಿಮನೆಗೆ, ಕೊನೆಗೆ ಒಂದು ಬಾವಿ ದುರಸ್ತಿ ಮಂಡಳಿಗೂ ಸೆಕ್ರೆಟರಿಯಾಗಿದ್ದೆ. ಬಾವಿ ದುರಸ್ತಿಯಾಗಲಿಲ್ಲ, ಆದರೆ ಅದರ ಠರಾವುಗಳನ್ನು ಈಗ ಓದಿದರೂ ಬಾಯಲ್ಲಿ ನೀರು ಬರುತ್ತದೆ. ಇಂಥ ನಾನು ನನ್ನ ಕೈಯಾರೆ ಬರೆದ ಒಂದು ಠರಾವಿನಿಂದ ನನ್ನ ಮನೆಯಲ್ಲಿಯೇ ಸಿಕ್ಕಿಬಿದ್ದ ಸಂಗತಿಯನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಆಗ ಗೋಕಾಕ ಇನ್ನೂ ಮುಂಬೈ ರಾಜ್ಯದಲ್ಲಿತ್ತು. ಹುಕ್ಕೇರಿ, ಬೆಲ್ಲದ ಬಾಗೇವಾಡಿ, ಮೂಡಲಗಿ ಎಂದು ಬದಲಿಯಾಗುತ್ತ ಆಗುತ್ತ ನಾನು ಗೋಕಾಕದ ಕನ್ನಡ ಶಾಲೆಗೆ ಬಂದು ಬಿದ್ದಿದ್ದೆ. ಊರಲ್ಲಿ ನಮ್ಮ ಕ್ರೈಸ್ತ ಸಭೆಯದು ಹನ್ನೊಂದು ಮನೆ, ಒಂದು ಹಂಚಿನ ದೇವಾಲಯ. ಪಾದ್ರಿಯವರು ಇರುವುದು ಬೆಳಗಾವಿಯಲ್ಲಿ. ತಿಂಗಳ ಕೊನೆಯ ಶನಿವಾರ ಬಸ್ಸಿನಲ್ಲಿ ಹುಕ್ಕೇರಿಗೆ ಬಂದು, ರವಿವಾರ ನಮ್ಮಲ್ಲಿ ರೊಟ್ಟಿ ಮುರಿದು ಹಂಚುವ ಪ್ರಭುಭೋಜನ ನಡೆಸಿ, ಸೋಮವಾರ ಮೂಡಲಗಿಗೆ ಹೋಗುತ್ತಿದ್ದರು. ಉಳಿದ ರವಿವಾರಗಳಲ್ಲಿ ಬೈಬಲ್ ಓದುವವನು ನಾನೇ, ಹಾಡಿನ ನಂಬರು ಹೇಳುವವನು ನಾನೇ, ಪ್ರಾರ್ಥನೆ ಉದ್ದವಾಯಿತೆಂದು ಬೈಸಿಕೊಳ್ಳುವವನೂ ನಾನೇ. ಆಚೆ ಓಣಿಯಲ್ಲಿ ಇನ್ನೂ ನಾಲ್ಕು ಕ್ರೈಸ್ತ ಮನೆಗಳಿದ್ದವು. ಅವರದು ಬೇರೆ ಪಂಥ. ನಾವು ದೀಕ್ಷಾಸ್ನಾನಕ್ಕೆ ಹಣೆಯ ಮೇಲೆ ನೀರು ಚಿಮುಕಿಸುವವರು, ಅವರು ಆಸಾಮಿಯನ್ನು ಘಟಪ್ರಭೆಯ ಹೊಳೆಗೆ ಕರೆದೊಯ್ದು ಪೂರ್ತಿ ಮುಳುಗಿಸುವವರು. ಬೈಬಲ್ ಸಹ ಅವರದು ಹಳೆಯ ತರ್ಜುಮೆ, ದಪ್ಪ ಹಾಳೆ, ದೊಡ್ಡ ಅಕ್ಷರ. ನಮ್ಮದು ಹೊಸ ತರ್ಜುಮೆ, ತೆಳ್ಳನೆಯ ಹಾಳೆ, ಸಣ್ಣ ಅಕ್ಷರ. ಅರ್ಥ ಎರಡರಲ್ಲಿಯೂ ಒಂದೇ, ಮಾತು ಮಾತ್ರ ಬೇರೆ ಬೇರೆ.

ಕಿರಾಣಿ ಅಂಗಡಿಯ ಬಸಪ್ಪಣ್ಣನಿಗೆ ಒಮ್ಮೆ ನಾನು ಈ ಭೇದವನ್ನು ಬಿಡಿಸಿ ಹೇಳಿದ್ದೆ. ಅವನು ನಿತ್ಯ ಲಿಂಗಪೂಜೆ ಮಾಡಿಯೇ ಅಂಗಡಿ ತೆಗೆಯುವವನು, ಧರ್ಮದ ಮಾತೆಂದರೆ ಕಿವಿ ಕೊಟ್ಟು ಕೇಳುತ್ತಿದ್ದ. ಎಲ್ಲ ಕೇಳಿ, ಬೇಳೆ ತೂಗುವುದನ್ನು ನಿಲ್ಲಿಸಿ, "ಅಲ್ರಿ ಮಾಸ್ತರ, ಒಟ್ಟು ಎಷ್ಟು ಮನಿ ಆದ್ವು ನಿಮ್ಮವು?" ಎಂದ. ಹದಿನೈದು ಎಂದೆ. "ಹದಿನೈದು ಮನ್ಯಾಗ ಎರಡು ಪಂಥ! ನಮ್ಮಲ್ಲೂ ಎರಡು ಮಠ ಅದಾವು ಬಿಡ್ರಿ. ಖರೆ, ನಾವು ಪ್ರಸಾದದ ದಿನಾ ಎರಡಕ್ಕೂ ಹೋಗ್ತೀವಿ" ಎಂದು ಮತ್ತೆ ತಕ್ಕಡಿ ಎತ್ತಿದ. ತತ್ತ್ವದ ಸೂಕ್ಷ್ಮ ಅಂಗಡಿಯವರಿಗೆ ತಿಳಿಯುವುದಿಲ್ಲ ಎಂದುಕೊಂಡು ನಾನು ಬೇಳೆ ಕಟ್ಟಿಸಿಕೊಂಡು ಬಂದೆ.

ಹೀಗಿರುವಾಗ ಒಂದು ದಿನ ನಮ್ಮ ಸಭೆಯ ಹಿರಿಯರಾದ ಮೋಶಪ್ಪನವರು ಮನೆಗೆ ಬಂದರು. ಪೋಲೀಸ್ ಹವಾಲ್ದಾರರಾಗಿ ನಿವೃತ್ತರಾದವರು, ಆದರೆ ಮೀಸೆ ಇನ್ನೂ ಡ್ಯೂಟಿಯ ಮೇಲಿತ್ತು. "ಮಾಸ್ತರ, ನಮ್ಮ ಹೆಣ್ಣಮಕ್ಕಳು ಗುರುವಾರ ಸಂಜೀಮುಂದ ಲೀಯಾಬಾಯಿ ಮನಿಗೆ ಬೈಬಲ್ ಪಾಠಕ್ಕ ಹೋಗಾಕತ್ತಾರ. ನಾ ಓಣಿ ತುದಿಗೆ ನಿಂತು ಕಣ್ಣಾರೆ ನೋಡೇನಿ" ಎಂದರು. ಲೀಯಾಬಾಯಿ ಎಂದರೆ ಆಚೆ ಓಣಿಯ ವಿಧವೆ, ಹಿಂದೆ ದವಾಖಾನೆಯಲ್ಲಿ ನರ್ಸ್ ಆಗಿದ್ದವಳು, ಮುಳುಗಿಸುವ ಪಂಥದ ಆಧಾರಸ್ತಂಭ. "ಕುರಿ ಬ್ಯಾರೆ ಹಿಂಡಿನಾಗ ಸೇರಿದ್ರ ಅದರ ತುಪ್ಪಳ ಅವರ ಪಾಲಾಕೈತಿ. ಇವತ್ತು ಪಾಠ ಅಂತಾರ, ನಾಳೆ ಹೊಳಿಗೆ ಕರಕೊಂಡ ಹೋಗ್ತಾರ" ಎಂದು ಹವಾಲ್ದಾರರು ಮುಂದುವರಿಸಿದರು. ಯಾರು ಯಾರು ಹೋಗುತ್ತಾರೆಂದು ಕೇಳಿದೆ. "ಸೆರಗು ಹೊಚ್ಚಿಕೊಂಡಿರ್ತಾರ, ಮುಖಾ ಕಾಣಲಿಲ್ಲ" ಎಂದರು.

ಅದೇ ವಾರ ಆರು ಜನ ಹಿರಿಯರು ಕೂಡಿದೆವು. ನಾನು ಎದ್ದು ನಿಂತು ಗಟ್ಟಿಮುಟ್ಟಾದ ಒಂದು ಭಾಷಣ ಮಾಡಿದೆ. ಸತ್ಯ ಎಲ್ಲಿದ್ದರೂ ಸತ್ಯವೇ, ಆದರೆ ಹಾದಿಗೊಂದು ಗುರುವನ್ನು ಮಾಡಿಕೊಂಡವನು ಹಾದಿಯಲ್ಲಿಯೇ ಉಳಿಯುತ್ತಾನೆ ಎಂದೆ. ಮೋಶಪ್ಪನವರು ಎರಡು ಸಲ 'ಹೌದ್ಹೌದು' ಎಂದರು. ಠರಾವನ್ನು ನಾನು ಹೀಗೆ ಬರೆದೆ: ಸಭೆಯ ಯಾವ ಸದಸ್ಯರೂ ಪರಪಂಥದವರ ಬೈಬಲ್ ಪಾಠಕ್ಕೆ ಹೋಗಕೂಡದು. ಹೋದವರು ಮುಂದಿನ ಪ್ರಭುಭೋಜನಕ್ಕೆ ಮೊದಲು ಸಭೆಯೆದುರು ಎದ್ದು ನಿಂತು ತಪ್ಪೊಪ್ಪಿಕೊಳ್ಳತಕ್ಕದ್ದು. ಒಪ್ಪದವರಿಗೆ ಪ್ರಭುಭೋಜನವಿಲ್ಲ. ಸೂಚಕರು ಮೋಶಪ್ಪನವರು, ಅನುಮೋದಕ ನಾನು. 'ತಕ್ಕದ್ದು' ಎಂಬ ಮಾತನ್ನು ಬರೆಯುವಾಗ ನನ್ನ ಕೈಗೆ ಎಷ್ಟು ಬಲ ಬಂದಿತ್ತೆಂದರೆ ಹಾಳೆಯ ಹಿಂದಿನ ಮಗ್ಗುಲಿಗೂ ಅದು ಮೂಡಿತು.

ಚೆನ್ನಾಗಿ ಬರೆದದ್ದನ್ನು ಒಬ್ಬರಿಗಾದರೂ ಓದಿ ಹೇಳಬೇಕಲ್ಲ. ಮನೆಗೆ ಬಂದು ನನ್ನ ಹೆಂಡತಿ ಕರುಣಾಬಾಯಿಗೆ ಓದಿ ಹೇಳಿದೆ. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತ ಪೂರ್ತಿ ಕೇಳಿದಳು. "ಚಲೋ ಬರದೀರಿ" ಎಂದಳು. ಆಮೇಲೆ ಒಂದು ಹರಳು ಆರಿಸಿ ಎಸೆದು, "ಈ ಗುರುವಾರ ನಾ ಬರೂದು ಸ್ವಲ್ಪ ತಡಾ ಆಕೈತಿ. ರೊಟ್ಟಿ ಬುಟ್ಟ್ಯಾಗ ಇಟ್ಟಿರ್ತೇನಿ, ಪಲ್ಯಾ ಬಿಸಿ ಮಾಡ್ಕೊರಿ" ಎಂದಳು.

"ಎಲ್ಲಿಗೆ ಹೊಂಟಿ?"

"ಮತ್ತೆಲ್ಲಿಗ್ರಿ? ಲೀಯಾಬಾಯಾರ ಮನಿಗೆ. ಪಾಠಕ್ಕ."

ನನ್ನ ಕೈಯಲ್ಲಿದ್ದ ವಹಿ ತಾನಾಗಿಯೇ ಮುಚ್ಚಿಕೊಂಡಿತು. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಕರುಣಾಬಾಯಿ ನನ್ನ ಮಾತಿಗೆ ಎದುರಾಡಿದವಳಲ್ಲ. ಅವಳು ತಾನು ಮಾಡುವುದನ್ನು ಮಾಡುತ್ತಿದ್ದಳು, ಎದುರು ಮಾತ್ರ ಆಡುತ್ತಿರಲಿಲ್ಲ. ಅವಳ ತವರೂರು ಕಣಗಲಾ. ನಮ್ಮ ಕ್ರೈಸ್ತ ಮನೆಗಳಲ್ಲಿ ಹೆಣ್ಣು ನೋಡಲು ಹೋದಾಗ ಹುಡುಗಿಯ ಕೈಗೆ ಬೈಬಲ್ ಕೊಟ್ಟು ಒಂದು ಕೀರ್ತನೆ ಓದಿಸುವ ಪದ್ಧತಿ ಇತ್ತು. ಮಾಸ್ತರನಾದವನಿಗೆ ಓದು ಬಾರದ ಹೆಂಡತಿ ಹೇಗೆ ಬಂದಾಳು? ಅವಳು ಪುಸ್ತಕ ಬಿಚ್ಚಿ, ದೇವರೇ ನನ್ನ ಕುರುಬ ಎನ್ನುವ ಕೀರ್ತನೆಯನ್ನು ಎಲ್ಲಿಯೂ ಎಡವದೆ ಓದಿದ ರೀತಿಗೆ ನಮ್ಮಪ್ಪ ಅಲ್ಲಿಯೇ ಸೈ ಎಂದಿದ್ದ. ಅಂಥ ಓದು ಬಲ್ಲವಳು ದೇವಾಲಯದಲ್ಲಿ ನನ್ನ ಓದನ್ನು ಬಿಟ್ಟು ಆಚೆ ಓಣಿಗೆ ಯಾಕೆ ಹೋಗಬೇಕು? ಇನ್ನೊಂದು ಮಾತು. ನಮ್ಮ ಒಬ್ಬಳೇ ಮಗಳು ಎಸ್ತೇರಳನ್ನು ಹುಬ್ಬಳ್ಳಿಗೆ ಕೊಟ್ಟಿದ್ದೆವು. ಅವಳ ಪತ್ರ ಬಂದಾಗಲೆಲ್ಲ ಕರುಣಾಬಾಯಿ ಅದನ್ನು ತಂದು ನನ್ನ ಕೈಗೇ ಕೊಡುತ್ತಿದ್ದಳು. "ನೀವ ಓದ್ರಿ, ನಿಮ್ಮ ಬಾಯಾಗ ಕೇಳಿದ್ರ ಚಲೋ ಅನಸ್ತೈತಿ" ಎನ್ನುತ್ತಿದ್ದಳು. ನನ್ನ ಕಂಠದ ಬಗ್ಗೆ ನನಗಿರುವ ಅಭಿಮಾನಕ್ಕೆ ಈ ಮಾತೇ ಮುಖ್ಯ ಆಧಾರ.

ಆದ್ದರಿಂದ ನಾನು ಗಟ್ಟಿ ನಿರ್ಧಾರ ಮಾಡಿದೆ. ಹೋಗಗೊಡಬಾರದು. ಸೆಕ್ರೆಟರಿಯ ಹೆಂಡತಿಯೇ ತುಂಬಿದ ದೇವಾಲಯದಲ್ಲಿ ಎದ್ದು ನಿಂತು ತಪ್ಪೊಪ್ಪಿಕೊಳ್ಳುವುದೆಂದರೇನು? ಒಪ್ಪಿಕೊಳ್ಳದೆ ಪ್ರಭುಭೋಜನ ತಪ್ಪಿಸಿಕೊಂಡಳೆಂದರೆ ಇನ್ನೂ ಕಷ್ಟ. ಅದು ಅವಳ ಪ್ರಾಣ. ಮೂಡಲಗಿಯಲ್ಲಿದ್ದಾಗ ಜ್ವರದಲ್ಲಿಯೂ ಕಂಬಳಿ ಹೊದ್ದು ಬಂದು ರೊಟ್ಟಿಯ ಚೂರಿಗೆ ಕೈಯೊಡ್ಡಿದವಳು. ಜತೆಗೆ ಹೊಳೆಯ ಭಯ ಬೇರೆ. ಮಳೆಗಾಲ ಮುಗಿಯುತ್ತ ಬಂದಿತ್ತು, ನೀರು ಇಳಿದ ಮೇಲೆ ಆಚೆ ಓಣಿಯವರು ಮುಳುಗಿಸುವ ಕೆಲಸ ಸುರುಮಾಡುತ್ತಾರೆಂದು ಎಲ್ಲರಿಗೂ ಗೊತ್ತು. ನಾನು ಎರಡು ದಿನ ಸಂಜೆ ಸುಮ್ಮನೆ ಹೊಳೆಯ ದಂಡೆಗೆ ಹೋಗಿ ನೀರು ಎಷ್ಟು ಇಳಿದಿದೆ ಎಂದು ನೋಡಿ ಬಂದೆ.

ಮೊದಲ ಗುರುವಾರ ನಾನು ತಲೆನೋವೆಂದು ಮಲಗಿದೆ. ಕರುಣಾಬಾಯಿ ಹಣೆಗೆ ಬಾಮು ತಿಕ್ಕಿ, ಕಿಟಕಿ ಮುಚ್ಚಿ, "ಮಾತಾಡಬ್ಯಾಡ್ರಿ, ಮಲಗ್ರಿ" ಎಂದು ಹೇಳಿ ಹೊರಟುಹೋದಳು. ಇಲ್ಲದ ತಲೆನೋವಿನೊಂದಿಗೆ ಕತ್ತಲ ಕೋಣೆಯಲ್ಲಿ ಎರಡು ತಾಸು ಬಿದ್ದಿದ್ದರಿಂದ ನಿಜವಾದ ತಲೆನೋವು ಬಂತು. ಎರಡನೆಯ ಗುರುವಾರ ಹವಾಲ್ದಾರರನ್ನೇ ಐದು ಗಂಟೆಗೆ ಚಹಕ್ಕೆ ಕರೆದೆ. ಹವಾಲ್ದಾರರ ಎದುರಿಗೆ ಹೊಸ್ತಿಲು ದಾಟುವ ಧೈರ್ಯ ಯಾರಿಗಿದೆ? ಅವಳು ಚುರಮರಿ ಸುಸಲಾ ಮಾಡಿ, ಚಹಾ ಕೊಟ್ಟು, "ಮಾತಾಡ್ಕೋತ ಕುಂದರ್ರಿ ಕಾಕಾ, ನಾ ಬಂದೆ" ಎಂದು ಬಗಲಲ್ಲಿ ಒಂದು ಕೈಚೀಲ ಇಟ್ಟುಕೊಂಡು ಅವರ ಕಣ್ಣೆದುರೇ ಹೋದಳು. ಚೀಲದೊಳಗೆ ಚಪ್ಪಟೆಯಾಗಿ ಏನೋ ಇತ್ತು, ಬೈಬಲ್ ಇರಬೇಕೆಂದುಕೊಂಡೆ. "ಎಲ್ಲಿಗೆ ಹೊಂಟ್ಳು?" ಎಂದು ಹವಾಲ್ದಾರರು ಕೇಳಿದರು. "ಬಾಜೂ ಮನಿಗೆ" ಎಂದೆ. ಸುಳ್ಳುಸಾಕ್ಷಿ ಹೇಳಬೇಡ ಎಂಬುದೂ ಸೇರಿ ಹತ್ತು ಆಜ್ಞೆಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವವನು ನಾನು. ಸುಸಲಾ ಗಂಟಲಿಗೆ ಸಿಕ್ಕು ಕೆಮ್ಮು ಬಂತು.

ಇಷ್ಟಕ್ಕೂ ಯಾಕೆ ಹೋಗುತ್ತೀ ಎಂದು ಕೇಳಿದರೆ ಕಾರಣ ಹೇಳುತ್ತಿರಲಿಲ್ಲ. ಅವರ ಬೋಧನೆ ಮೆಚ್ಚಿಗೆಯಾಯಿತೇ? "ಅದೇನೋ ನನಗ ತಿಳ್ಯಾಂಗಿಲ್ರಿ." ಹಾಡು ಚೆನ್ನಾಗಿವೆಯೇ? "ಹಾಡು ನಮ್ಮವ ಚಲೋ." ಹಾಗಾದರೆ ನಿಲ್ಲಿಸು ಎಂದರೆ, "ಅಲ್ಲಿ ನನ್ನ ಪಾಳಿ ಬರ್ತೈತ್ರಿ" ಎನ್ನುತ್ತಿದ್ದಳು. ಏನು ಪಾಳಿಯೋ! ಮುಳುಗುವ ಪಾಳಿಯೇ ಇರಬೇಕೆಂದು ನಾನು ಮತ್ತೊಮ್ಮೆ ಹೊಳೆಯ ದಂಡೆಗೆ ಹೋಗಿ ನೀರು ನೋಡಿ ಬಂದೆ.

ಮೂರನೆಯ ಗುರುವಾರ ಬಂತು. ಮುಂದಿನ ರವಿವಾರವೇ ಪಾದ್ರಿಯವರು ಬರುವವರು. ಇನ್ನು ಉಪಾಯದಿಂದ ಆಗುವುದಿಲ್ಲ, ಹೋಗಿ ಕರೆದುಕೊಂಡೇ ಬರಬೇಕು ಎಂದು ಕೋಟು ತೊಟ್ಟು, ಒಂದು ಬಗಲಲ್ಲಿ ಛತ್ರಿ, ಇನ್ನೊಂದು ಬಗಲಲ್ಲಿ ಠರಾವಿನ ವಹಿ ಇಟ್ಟುಕೊಂಡು ಹೊರಟೆ. ದಾರಿಯಲ್ಲಿ ಬಸಪ್ಪಣ್ಣ, "ಎಲ್ಲಿಗ್ರಿ ಮಾಸ್ತರ, ಕೋರ್ಟಿಗೇನು?" ಎಂದ. ನಾನು ಇನ್ನೂ ಬಿರುಸಾಗಿ ನಡೆದೆ. ಲೀಯಾಬಾಯಿಯ ಮನೆಯ ಕಿಟಕಿ ಓಣಿಗೇ ಇತ್ತು. ಹೊರಗೆ ನಿಂತು ಒಳಗಿನ ಅಧರ್ಮವನ್ನು ಸ್ವಲ್ಪ ಕೇಳಿ, ಆಮೇಲೆ ನುಗ್ಗುವುದೆಂದು ನಿಂತೆ.

ಒಳಗೆ ಏಳೆಂಟು ಜನ ಚಾಪೆಯ ಮೇಲೆ ದುಂಡಗೆ ಕೂತಿದ್ದರು. ಅವರಲ್ಲಿ ಒಂದು ರೂಢಿ: ಒಬ್ಬರೇ ಓದಿ ಉಳಿದವರು ಕೇಳುವುದಿಲ್ಲ, ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ, ಪಾಳಿ ಬಂದಂತೆ ಪ್ರತಿಯೊಬ್ಬರೂ ಒಂದೊಂದು ವಚನ ಓದಬೇಕು. ಮುದುಕಿಯೊಬ್ಬಳು ಓದಿದಳು, ಬಡಿಗನೊಬ್ಬ ಓದಿದ. ಆಮೇಲೆ ಒಂದು ದನಿ ಸುರುವಾಯಿತು. "ಕು... ರು... ಕುರು... ಬ... ಕುರುಬ..." ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತೈದು ವರ್ಷ ದಿನಾ ಹತ್ತೂವರೆಯಿಂದ ಕೇಳಿದ ಸದ್ದು. ಬಿನ್ನೆತ್ತೆ, ಎಂದರೆ ಒಂದನೇ ಇಯತ್ತೆಗೂ ಕೆಳಗಿನ ಮಕ್ಕಳು, ಅಕ್ಷರಕ್ಕೆ ಬೆರಳು ಒತ್ತಿ ಉಸಿರು ಬಿಗಿಹಿಡಿದು ಓದುವ ಸದ್ದು. ಯಾರೋ ಹೊಸದಾಗಿ ಕಲಿಯುತ್ತಿದ್ದಾರೆ, ಪಾಪ, ದನಿ ಮಾತ್ರ ವಯಸ್ಸಾದವರದು ಎಂದುಕೊಂಡೆ. ಆ ದನಿ ನನ್ನ ಹೆಂಡತಿಯದೆಂದು ತಿಳಿಯಲು ನನಗೆ ಪೂರಾ ಒಂದು ವಚನ ಹಿಡಿಯಿತು.

ಛತ್ರಿ ಬಗಲಿನಿಂದ ಜಾರಿ ಬಿದ್ದು ಸದ್ದಾಯಿತು. ಲೀಯಾಬಾಯಿ ಕಿಟಕಿಗೆ ಬಂದು ನೋಡಿ, "ಹೊರಗ ಯಾಕ ನಿಂತೀರಿ ಮಾಸ್ತರ? ಒಳಗ ಬರ್ರಿ, ಜಾಗಾ ಐತಿ" ಎಂದಳು. ಠರಾವಿನ ಅನುಮೋದಕನು ಪರಪಂಥದವರ ಚಾಪೆಯ ಮೇಲೆ, ತನ್ನ ಹೆಂಡತಿಯ ಬಾಜೂಕ್ಕೆ ಕೂತನು. ಕರುಣಾಬಾಯಿ ನನ್ನ ಕಡೆಗೆ ನೋಡಲಿಲ್ಲ. ಅವಳ ತೊಡೆಯ ಮೇಲೆ ಕೈಚೀಲ, ಅದರ ಬಾಯಿಯಿಂದ ಅಕ್ಷರ ಬರೆಯುವ ಒಂದು ಪಾಟಿಯ ಮೂಲೆ ಇಣುಕುತ್ತಿತ್ತು. ಬೆವರಿದ ಬೆರಳಿನಿಂದ ಅವಳು ಪುಸ್ತಕವನ್ನು ನನಗೆ ದಾಟಿಸಿದಳು. ನನ್ನ ಪಾಳಿ.

ಗಾಬರಿಯಲ್ಲಿ ಮನುಷ್ಯ ತನಗೆ ಚೆನ್ನಾಗಿ ಬರುವುದನ್ನೇ ಮಾಡುತ್ತಾನೆ. ನಾನು ಗಂಟಲು ಸರಿಪಡಿಸಿಕೊಂಡು, ಕಣ್ಣು ಅರ್ಧ ಮುಚ್ಚಿ, ದೇವಾಲಯದಲ್ಲಿ ಓದುವ ಗಂಭೀರ ಸ್ವರದಲ್ಲಿ ಮುಂದಿನ ವಚನವನ್ನು ಹರಿಯಬಿಟ್ಟೆ. ಮುಗಿಸಿ ಕಣ್ಣು ತೆರೆದರೆ ಎಲ್ಲರೂ ಸುಮ್ಮನಿದ್ದರು. ಬಡಿಗ ತನ್ನ ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದ. ಆಗ ಕರುಣಾಬಾಯಿ ಕೈ ಚಾಚಿ ಹಾಳೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಹೇಳಿದಳು, "ಇದರಾಗ ಹಂಗ ಇಲ್ರಿ. ಹಾಳಿ ನೋಡಿ ಓದ್ರಿ."

ಓದಿದೆ. ಕೈಯಲ್ಲಿದ್ದದ್ದು ಹಳೆಯ ತರ್ಜುಮೆ. ಒಂದು ಮಾತೂ ನನ್ನ ಬಾಯಲ್ಲಿದ್ದಂತೆ ಇರಲಿಲ್ಲ. ಬಾಯಿಪಾಠದ ನೆರವಿಲ್ಲದೆ ಓದಬೇಕಾಗಿ ಬಂದಾಗ ಮಾಸ್ತರನಾದ ನಾನೂ ಎರಡು ಕಡೆ ಎಡವಿದೆ.

ಮನೆಗೆ ಬರುವಾಗ ಓಣಿಯಲ್ಲಿ ನನ್ನ ಛತ್ರಿಯನ್ನು ಅವಳೇ ಹಿಡಿದುಕೊಂಡಳು. ಆಮೇಲೆ ಅವಳೇ ಹೇಳಿದಳು. ಕಣಗಲಾದಲ್ಲಿ ಅವಳು ಚಿಕ್ಕವಳಿದ್ದಾಗ ಹೊಲದ ಕೆಲಸಕ್ಕೆ ಹೋಗುತ್ತಿದ್ದಳು, ಶಾಲೆಯ ಮುಖ ನೋಡಿರಲಿಲ್ಲ. ಊರೂರು ತಿರುಗಿ ಬೈಬಲ್ ಹೇಳುವ ಹೆಂಗಸೊಬ್ಬಳು ಬಂದಾಗ ಕೇಳಿ ಕೇಳಿ ಎಂಟು ಕೀರ್ತನೆ ಬಾಯಿಗೆ ಬಂದಿದ್ದವು. ಹೆಣ್ಣು ನೋಡಲು ಬಂದ ದಿನ ಪುಸ್ತಕವನ್ನು ಎಲ್ಲೋ ಬಿಚ್ಚಿ, ಬಂದದ್ದನ್ನು ಅಂದುಬಿಟ್ಟಿದ್ದಳು. "ನಿಮ್ಮ ಮಾವನೋರು ಪುಟಾ ನೋಡಲಿಲ್ಲ, ನನ್ನ ಮುಖಾ ನೋಡಿದ್ರು" ಎಂದಳು. ತಪ್ಪಿ ನಮ್ಮಪ್ಪನನ್ನೇ ನನ್ನ ಮಾವನನ್ನಾಗಿ ಮಾಡಿದ್ದಳು, ಅಷ್ಟು ಅಳುಕಿತ್ತು ಅವಳಿಗೆ. ಇಪ್ಪತ್ತೆರಡು ವರ್ಷ ಅದೇ ಎಂಟು ಕೀರ್ತನೆಗಳ ಮೇಲೆ ಸಂಸಾರ ಸಾಗಿತ್ತು.

"ಮತ್ತ ಲೀಯಾಬಾಯಿಗೆ ಹೆಂಗ ಗೊತ್ತಾತು?"

"ಮಳಿಗಾಲ ಸುರುವಾಗೂ ಮೊದಲ ಒಂದು ಗುರುವಾರ ನೆರಿಮನ್ಯಾಕಿ ಜೋಡಿ ಸುಮ್ಮ ಹೋಗಿದ್ದೆ. ಪುಸ್ತಕ ನನ್ನ ಕೈಗೆ ಬಂತು. ಎಲ್ಲಾರೂ ಇದ ಕೀರ್ತನಿ ಓದಾಕತ್ತಿದ್ರು. ನಾನೂ ಗಡಗಡ ಅಂದೆ. ಅವರ ಪುಸ್ತಕದಾಗ ಮಾತ ಬ್ಯಾರೆ ಅದಾವು ಅಂತ ನನಗೇನ ಗೊತ್ತು? ಎಲ್ಲಾರೂ ಸುಮ್ಮಾದ್ರು, ಇವತ್ತ ನಿಮಗ ಆದಂಗ. ಬಾಯಾರು ಏನೂ ಅನಲಿಲ್ಲ. ಮಂದಿ ಹ್ವಾದ ಮ್ಯಾಲ, 'ತಂಗಿ, ಮುಂದಿನ ವಾರ ಒಂದು ತಾಸು ಮೊದಲ ಬಾ' ಅಂದ್ರು. ಅಷ್ಟ."

"ನಮ್ಮ ಸಭಾದಾಗ ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲಲ್ಲ?"

"ನಮ್ಮ ಸಭಾದಾಗ ಎಲ್ಲಾ ನೀವ ಓದ್ತೀರಲ್ರಿ" ಎಂದಳು.

ಆ ವರ್ಷಗಳಲ್ಲಿ ನಾನು ಸಂಜೆ ಅಡತಿ ಅಂಗಡಿಗಳಲ್ಲಿ ಮೂಟೆ ಹೊರುವ ಹಮಾಲರಿಗೆ ಅಕ್ಷರ ಕಲಿಸುವ ವರ್ಗವನ್ನೂ ನಡೆಸುತ್ತಿದ್ದೆ. ಅದಕ್ಕೊಂದು ಸರ್ಟಿಫಿಕೇಟು ಸಿಕ್ಕಿತ್ತು, ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೆ. ಅದರ ಗಾಜನ್ನು ದಿನಾ ಒರೆಸುವವಳು ಕರುಣಾಬಾಯಿ. ನನ್ನನ್ನೇ ಯಾಕೆ ಕೇಳಲಿಲ್ಲ ಎಂದೆ. "ಕೇಳಿದ್ರ ನೀವು ಅದನ್ನ ಸಾಲ್ಯಾಗ ಉಳಿದ ಮಾಸ್ತರಗೋಳ ಮುಂದ ಕತಿ ಮಾಡಿ ಹೇಳ್ತಿದ್ರಿ" ಎಂದಳು. ಛೆ, ನಾನೇನು ಅಂಥವನೇ ಎಂದೆ. ಈಗ ಬರೆಯುತ್ತಿರುವುದು ಬೇರೆ ಮಾತು.

"ಈಗ ಯಾಕ ಬೇಕಾತು, ಇಷ್ಟು ವರ್ಷ ಆದ ಮ್ಯಾಲ?"

ಅವಳು ನಿಂತಳು. "ಎಸ್ತೇರಂದು ಪತ್ರ ಬಂದ್ರ ನಾಕು ಮಗ್ಗಲಾ ಬರದಿರ್ತಾಳ. ನೀವು ಓದಾಕ ಕುಂತ್ರ ಒಲಿ ಮ್ಯಾಲಿನ ಹಾಲು ಉಕ್ಕೂದರಾಗ ಮುಗೀತೈತಿ. ಉಳಿದದ್ದು ಎಲ್ಲಿ ಹೋಗ್ತೈತ್ರಿ? ಹ್ವಾದ ವಾರ ನಿಮ್ಮ ಪೆಟಗ್ಯಾಗಿಂದ ಒಂದು ತಗದು ಕುಂತೆ. ಅರ್ಧಾ ಓದಾಕ ಮೂರು ದಿನಾ ಹಿಡೀತು. 'ಅವ್ವನ್ನ ಕೇಳ್ರಿ' ಅಂತ ಎರಡು ಕಡೆ ಬರದಾಳ. ನೀವು ನನ್ನ ಏನೂ ಕೇಳಲಿಲ್ಲ."

ಮಗಳು ಬಸುರಿ. ಬೆಳಿಗ್ಗೆ ಎದ್ದರೆ ವಾಂತಿ, ಅತ್ತೆ ರೊಟ್ಟಿ ದಪ್ಪಾಯಿತು ಎನ್ನುತ್ತಾಳೆ, ಅಂಟಿನ ಉಂಡಿಗೆ ಬೆಲ್ಲದ ಪಾಕ ಎಷ್ಟು ಹದ, ಕನಸಿನಲ್ಲಿ ಅವ್ವ ಬಂದಿದ್ದಳು, ಹೀಗೆ ಪುಟಗಟ್ಟಲೆ ಬರೆದಿರುತ್ತಿದ್ದಳು. ಇದೆಲ್ಲ ಹೆಂಗಸರ ಕ್ಷುಲ್ಲಕ ವಿಷಯ ಎಂದು ನಾನು ಹಾರಿಸಿ, 'ಎಲ್ಲಾರೂ ಆರಾಮ ಅದಾರಂತ, ನಿನಗ ನಮಸ್ಕಾರ ಹೇಳ್ಯಾಳ' ಎಂದು ಮುಗಿಸುತ್ತಿದ್ದೆ. ಉತ್ತರವನ್ನೂ ನಾನೇ ಬರೆಯುತ್ತಿದ್ದೆ. ತಾಳ್ಮೆಯ ಮಹತ್ವದ ಮೇಲೆ ಎರಡು ಪುಟ. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ತಾಯಿಯ ಒಂದು ಮಾತಿಗೆ ಕಾದವಳಿಗೆ ನಾನು ದುಂಡಕ್ಷರದಲ್ಲಿ ಉಪದೇಶ ಕಳಿಸುತ್ತಿದ್ದೆ. ಆ ಸಂಜೆ ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಮನೆಗೆ ಬಂದವನೇ, ಠರಾವಿನ ಹಾಳೆಯನ್ನು ಹರಿದುಬಿಡುತ್ತೇನೆ ಎಂದೆ. ಒಮ್ಮೆ ನಿರ್ಧಾರ ಮಾಡಿದರೆ ನಾನು ಹಾಗೆಯೇ. ಅವಳು ವಹಿಯ ಮೇಲೆ ಕೈಯಿಟ್ಟಳು. "ಬ್ಯಾಡ್ರಿ. ಬರದದ್ದನ್ನ ಬರದಂಗ ಓದ್ರಿ. ಒಂದು ಸಾಲೂ ಬಿಟ್ಟು ಓದಬ್ಯಾಡ್ರಿ. ನಾ ಎದ್ದು ನಿಂದರ್ತೇನಿ."

ರವಿವಾರ ಪಾದ್ರಿಯವರು ಬಸ್ಸಿನ ಧೂಳು ಕೊಡವಿಕೊಂಡು ಬಂದು ಕೂತರು. ಮೋಶಪ್ಪನವರು ಮೀಸೆ ತೀಡಿ ಮುಂದಿನ ಬೆಂಚಿನಲ್ಲಿ ಕೂತರು. ನಾನು ಠರಾವನ್ನು ಪೂರ್ತಿ, ಒಂದು ಸಾಲೂ ಬಿಡದೆ ಓದಿದೆ. ದನಿ ಎಂದಿನಂತೆ ಏಳಲಿಲ್ಲ. 'ಎದ್ದು ನಿಂತು ತಪ್ಪೊಪ್ಪಿಕೊಳ್ಳತಕ್ಕದ್ದು' ಎಂಬಲ್ಲಿಗೆ ಕರುಣಾಬಾಯಿ ಚಾಪೆಯಿಂದ ಎದ್ದಳು. ಹವಾಲ್ದಾರರ ಮೀಸೆ ತೀಡುವ ಕೈ ಅರ್ಧಕ್ಕೆ ನಿಂತಿತು. ಪಾದ್ರಿಯವರು ಮುದುಕರು, ಸಾವಕಾಶವಾಗಿ ಕೇಳಿದರು, "ಅಲ್ಲಿ ನಿನಗ ಏನು ಬೋಧನಿ ಮಾಡ್ಯಾರವ್ವಾ? ನಮಗ ಒಪ್ಪದ್ದು ಏನರ ಕಲಿಸ್ಯಾರೇನು?"

"ಕಾಗುಣಿತ ಮುಗದೈತ್ರಿ ಅಯ್ಯಾರ" ಎಂದಳು ಕರುಣಾಬಾಯಿ. "ಈಗ ಒತ್ತಕ್ಷರ ನಡದಾವು. ಬೋಧನಿ ತನಕಾ ನಾ ಇನ್ನೂ ಬಂದಿಲ್ರಿ."

ಅವಳು ಮುಂದುವರಿಸಿದಳು, "ನನಗ ಓದಾಕ ಬರ್ತಿದ್ದಿಲ್ರಿ. ಅಲ್ಲಿಗೆ ಹೋಗಿ ಕಲಿಯಾಕತ್ತೇನಿ. ಅದು ತಪ್ಪಾದ್ರ ತಪ್ಪ ಅನ್ರಿ, ಖರೆ ಹೋಗೂದು ಬಿಡಾಂಗಿಲ್ಲ. ಪ್ರಭುಭೋಜನಾನೂ ಬಿಡಾಂಗಿಲ್ಲ." ಇಷ್ಟಕ್ಕೆ ಕೂತಿದ್ದರೆ ನನ್ನ ಮಾನ ಉಳಿಯುತ್ತಿತ್ತು. ನಾನು ಠರಾವು ಓದಲು ಮೊದಲೇ ನಿಂತಿದ್ದರಿಂದ, ನಾನೂ ತಪ್ಪಿತಸ್ಥನಾಗಿ ನಿಂತಿದ್ದೇನೆಂದು ಯಾರಿಗೂ ಹೊಳೆದಿರಲಿಲ್ಲ. ಅವಳು ನನ್ನ ಕಡೆ ಕೈ ತೋರಿಸಿ, "ಇವರೂ ಬಂದಿದ್ರು ಅಯ್ಯಾರ. ಇವರಿಗೂ ಓದಾಕ ಬರಲಿಲ್ಲ" ಎಂದಳು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪಾದ್ರಿಯವರು ಕನ್ನಡಕ ತೆಗೆದು ಒರೆಸಿಕೊಂಡರು. "ಠರಾವು ಏನ್ ಮಾಡೂದ್ರಿ?" ಎಂದು ಹವಾಲ್ದಾರರು ಎದ್ದರು. "ವಹ್ಯಾಗ ಇರಲಿ ಮೋಶಪ್ಪ" ಎಂದರು ಪಾದ್ರಿಯವರು. "ಅಕ್ಷರ ಚಲೋ ಅದಾವು, ಕೆಡಸಬ್ಯಾಡ್ರಿ. ಈಕಿ ಒತ್ತಕ್ಷರ ಮುಗಿಯೂ ತನಕಾ ಹೋಗಲಿ. ಮುಗಿದ ಮ್ಯಾಲ ಬೋಧನಿ ವಿಚಾರ ತಗದು ನೋಡೋಣು." ಆ ದಿನ ರೊಟ್ಟಿಯ ಮೊದಲ ಚೂರು ಕರುಣಾಬಾಯಿಯ ಅಂಗೈಗೆ ಬಿತ್ತು.

ಇದಾಗಿ ಬಹಳ ವರ್ಷಗಳಾದವು. ಒತ್ತಕ್ಷರ ಮುಗಿದಿವೆ ಎಂದು ಕರುಣಾಬಾಯಿ ಇಂದಿಗೂ ಒಪ್ಪಿಲ್ಲ. ಗುರುವಾರ ಬಂದರೆ ಇಬ್ಬರೂ ಆಚೆ ಓಣಿಗೆ ಹೋಗುತ್ತೇವೆ, ನನ್ನ ಪಾಳಿ ಬಂದಾಗ ನಾನು ಸಾಲಿನ ಕೆಳಗೆ ಬೆರಳಿಟ್ಟು ಓದುತ್ತೇನೆ. ನಮ್ಮನ್ನು ಯಾರೂ ಹೊಳೆಗೆ ಕರೆಯಲಿಲ್ಲ. ನಮ್ಮ ದೇವಾಲಯದಲ್ಲಿಯೂ ಈಗ ಪಾಳಿಯ ಓದು ಬಂದಿದೆ. ಹವಾಲ್ದಾರರು ಮಾತ್ರ ಕನ್ನಡಕ ಮನೆಯಲ್ಲಿ ಮರೆತು ಬಂದೆ ಎಂದು ಪ್ರತಿ ರವಿವಾರ ಪುಸ್ತಕವನ್ನು ಮುಂದೆ ದಾಟಿಸುತ್ತಾರೆ. ನಾನು ಏನೂ ಅನ್ನುವುದಿಲ್ಲ. ಲೀಯಾಬಾಯಿಯ ಕಿವಿಗೆ ಹಾಕಿದ್ದೇನೆ.

ಆ ಠರಾವಿನ ಮರುವರ್ಷ, ಮೊಮ್ಮಗಳು ಹುಟ್ಟಿ ಎರಡು ತಿಂಗಳಾದ ಮೇಲೆ ಹುಬ್ಬಳ್ಳಿಯಿಂದ ಒಂದು ಪತ್ರ ಬಂತು. ನಾನು ಅಭ್ಯಾಸಬಲದಿಂದ ಕೈ ಚಾಚಿದೆ. ಕರುಣಾಬಾಯಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ತಾನೇ ಒಡೆದು, ಹೊಸ್ತಿಲ ಬೆಳಕಿಗೆ ಕೂತು ಓದಲು ಸುರುಮಾಡಿದಳು. ಕೂಸು ನಗುತ್ತದಂತೆ, ಅಂಟಿನ ಉಂಡಿ ಹದವಾಗಿದ್ದವಂತೆ. ಎದುರಿಗೆ ಕೂತು ಒಂದು ಮಾತೂ ಬಿಡದೆ ಕೇಳಿದೆ. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು, ಇಬ್ಬರೂ ಏಳಲಿಲ್ಲ. ಮೂರನೆಯ ಮಗ್ಗುಲಿಗೆ 'ನಮ್ಮ ಅಪ್ಪ' ಎಂಬಲ್ಲಿ ಅವಳ ಬೆರಳು ನಿಂತಿತು. ತುಟಿ ಅಲುಗಿದವು, ದನಿ ಬರಲಿಲ್ಲ. ಬಾಯಿಯ ಮೂಲೆಯಲ್ಲಿ ಒಂದು ಸಣ್ಣ ನಗೆ ಬಂದು ಹೋಯಿತು. ಆಮೇಲೆ ಬೆರಳು ನಾಲ್ಕು ಸಾಲು ಹಾರಿ ಕೆಳಗೆ ಇಳಿಯಿತು.

"ಆ ನಾಕು ಸಾಲಿನಾಗ ಏನೈತಿ?" ಎಂದೆ.

"ಏನಿಲ್ರಿ. ಎಲ್ಲಾರೂ ಆರಾಮ ಅದಾರಂತ. ನಿಮಗ ನಮಸ್ಕಾರ ಹೇಳ್ಯಾಳ" ಎಂದು ಪತ್ರವನ್ನು ಮಡಿಚಿ ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. ಆ ಟ್ರಂಕನ್ನು ತೆಗೆಸಬೇಕೆಂದು ನಾನು ಒಂದು ಠರಾವು ಬರೆದಿಟ್ಟಿದ್ದೇನೆ. ಸೂಚಕ ನಾನೇ. ಅನುಮೋದಕರು ಇನ್ನೂ ಸಿಕ್ಕಿಲ್ಲ.